ಮನೆ ವರ್ಕ್‌ಶಾಪಿನ ಲೋಹದ ಬ್ಯಾಂಡ್‌ಸಾ

ತುದಿಗೆ ತುದಿ ಬೆಸೆದ ಹಲ್ಲುಪಟ್ಟಿಯೊಂದು ಎರಡು ಚಕ್ರಗಳ ಮೇಲೆ ಒಂದೇ ದಿಕ್ಕಿಗೆ ಓಡುತ್ತ ಉಕ್ಕು, ಎರಕದ ಕಬ್ಬಿಣ, ಹಿತ್ತಾಳೆ, ಅಲ್ಯೂಮಿನಿಯಂ ಮುಂತಾದವನ್ನು ಕತ್ತರಿಸುವ ಯಂತ್ರ. ಸಾ ಮಿಲ್ಲುಗಳಲ್ಲಿ ದಿಮ್ಮಿ ಸೀಳುವ ಆಳೆತ್ತರದ ಬ್ಯಾಂಡ್‌ಸಾವನ್ನು ನಮ್ಮಲ್ಲಿ ಬಹುಮಂದಿ ಕಂಡಿರುತ್ತಾರೆ. ತತ್ತ್ವ ಎರಡಕ್ಕೂ ಒಂದೇ, ವೇಗದಲ್ಲಿ ಮಾತ್ರ ಅಜಗಜಾಂತರ. ಮಿಲ್ಲಿನ ಪಟ್ಟಿ ನಿಮಿಷಕ್ಕೆ ಸಾವಿರ ಮೀಟರಿಗೂ ಮೀರಿ ಓಡುತ್ತದೆ. ಮನೆ ವರ್ಕ್‌ಶಾಪಿನಲ್ಲಿ ಉಕ್ಕು ಕೊಯ್ಯುವ ಪಟ್ಟಿ 20ರಿಂದ 60 ಮೀಟರಿನೊಳಗೇ ತೆವಳುತ್ತದೆ. ಈ ಲೇಖನ ಕಾರ್ಖಾನೆಯ ದೊಡ್ಡ ಯಂತ್ರಗಳನ್ನು ಬಿಟ್ಟು, ಹವ್ಯಾಸಿಗಳೂ ಸಣ್ಣ ರಿಪೇರಿ ಅಂಗಡಿಯವರೂ ಕೊಳ್ಳುವ ಅಗ್ಗದ ಮಾದರಿಯನ್ನಷ್ಟೇ ಕುರಿತದ್ದು. ಇಂಗ್ಲಿಷ್ ಬಲ್ಲ ಹವ್ಯಾಸಿಗಳ ಬಾಯಲ್ಲಿ ಇದು ‘ಫೋರ್ ಬೈ ಸಿಕ್ಸ್’, ಅಂದರೆ 4 ಇಂಚು ಎತ್ತರ, 6 ಇಂಚು ಅಗಲದ ಲೋಹ ಹಿಡಿಸುವ ಯಂತ್ರ.

ಹಿನ್ನೆಲೆ

ಕೊನೆಯಿಲ್ಲದ ಹಲ್ಲುಪಟ್ಟಿಯ ಕಲ್ಪನೆ ಹಳೆಯದು. ಲಂಡನ್ನಿನ ವಿಲಿಯಂ ನ್ಯೂಬೆರಿ 19ನೇ ಶತಮಾನದ ಮೊದಲ ದಶಕದಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಬೆಸುಗೆ ಬಿಡದಂತೆ ಪಟ್ಟಿಯ ಎರಡು ತುದಿ ಕೂಡಿಸುವ ವಿದ್ಯೆ ಆಗ ಯಾರಿಗೂ ಸಿದ್ಧಿಸಿರಲಿಲ್ಲ. ಚಕ್ರದ ಮೇಲೆ ಒಂದಿಷ್ಟು ಸುತ್ತು ಬರುವಷ್ಟರಲ್ಲಿ ಪಟ್ಟಿ ತುಂಡಾಗುತ್ತಿತ್ತು, ಯಂತ್ರ ಮೂಲೆ ಸೇರುತ್ತಿತ್ತು. 1846ರಲ್ಲಿ ಪ್ಯಾರಿಸ್ಸಿನ ಕ್ರೆಪ್ಯಾಂ ಎಂಬ ಮಹಿಳೆ ಬೆಸುಗೆಯ ಒಂದು ಕ್ರಮಕ್ಕೆ ಪೇಟೆಂಟ್ ಪಡೆದಳು. ಅದರ ಹಕ್ಕನ್ನು ಕೊಂಡ ಪೆರಿನ್ ಕಂಪನಿ ಒಳ್ಳೆಯ ಉಕ್ಕಿನ ಪಟ್ಟಿಯ ಜೊತೆ ಸೇರಿಸಿ ಬ್ಯಾಂಡ್‌ಸಾವನ್ನು ಬಳಕೆಗೆ ತಂದಿತು. ಅದೆಲ್ಲ ಮರದ ಕೆಲಸಕ್ಕೆ. ಲೋಹಕ್ಕೆ ಬಂದಾಗ ಅಮೆರಿಕದ ಲೈಟನ್ ವಿಲ್ಕಿ ಮತ್ತು ಅವನ ‘ಡೂಆಲ್’ ಕಂಪನಿಯ ಹೆಸರು ಬಿಡುವಂತಿಲ್ಲ. 1930ರ ದಶಕದಲ್ಲಿ ಅವನು ತಂದ ನಿಲುವು ಬ್ಯಾಂಡ್‌ಸಾ, ಅಚ್ಚುಗಳ ಒಳರೂಪವನ್ನು ಉಕ್ಕಿನ ಹಲಗೆಯಲ್ಲಿ ನೇರವಾಗಿ ಕೊಯ್ಯುವುದನ್ನು ಸಾಧ್ಯವಾಗಿಸಿತು. ಪಟ್ಟಿಯನ್ನು ಬಿಚ್ಚಿ, ಕೊರೆದ ತೂತಿನೊಳಗೆ ತೂರಿಸಿ, ಯಂತ್ರದ ಮೈಗೇ ಜೋಡಿಸಿದ ಬೆಸುಗೆ ಸಾಧನದಲ್ಲಿ ಮತ್ತೆ ಕೂಡಿಸುವ ಉಪಾಯ ಅದರ ಜೀವಾಳ.

ಅಡ್ಡವಾಗಿಯೂ ನಿಲುವಾಗಿಯೂ ಬಳಸಬಹುದಾದ ಈ ಅಗ್ಗದ ಮಾದರಿ ಬಹಳ ಈಚಿನದು. ಮೊದಲು ತೈವಾನಿನಲ್ಲಿ, ಆಮೇಲೆ ಚೀನಾದಲ್ಲಿ, ಹೆಚ್ಚು ಕಡಿಮೆ ಒಂದೇ ನಕ್ಷೆಯ ಯಂತ್ರವನ್ನು ಹಲವು ಎರಕದ ಕಾರ್ಖಾನೆಗಳು ತಯಾರಿಸಿದವು. ಅಮೆರಿಕದ ಹಾರ್ಬರ್ ಫ್ರೈಟ್, ಗ್ರಿಜ್ಲಿ, ಜೆಟ್, ಬ್ರಿಟನ್ನಿನ ಕ್ಲಾರ್ಕ್, ವಾರ್ಕೊ ಮುಂತಾದವು ತಮ್ಮ ತಮ್ಮ ಬಣ್ಣ ಬಳಿದು ಮಾರಿದವು. ಹೀಗಾಗಿ ಹಸಿರು, ಕೆಂಪು, ಬಿಳಿ ಯಾವ ಯಂತ್ರ ಕೊಂಡರೂ ಒಂದರ ಬೇರಿಂಗ್ ಬ್ರಾಕೆಟ್ಟು ಇನ್ನೊಂದಕ್ಕೆ ಕೂರುವುದುಂಟು. ಬ್ರಿಟನ್ನಿನಲ್ಲಿ 1898ರಲ್ಲಿ ಹುಟ್ಟಿದ ‘ಮಾಡೆಲ್ ಎಂಜಿನಿಯರ್’, ಅಮೆರಿಕದಲ್ಲಿ 1982ರಲ್ಲಿ ಶುರುವಾದ ‘ದಿ ಹೋಂ ಶಾಪ್ ಮೆಷಿನಿಸ್ಟ್’ ಪತ್ರಿಕೆಗಳ ಓದುಗರ ಬಳಗ ಇಂಥ ಯಂತ್ರಕ್ಕೆ ಹೇಳಿ ಮಾಡಿಸಿದ ಗಿರಾಕಿ. ಮನೆಯಲ್ಲಿ ಸಣ್ಣ ಲೇತ್ ಇಟ್ಟುಕೊಂಡು ಉಗಿ ಎಂಜಿನ್ನಿನ ಪುಟ್ಟ ಮಾದರಿ ಮಾಡುವವನಿಗೆ ದಪ್ಪ ರಾಡಿನಿಂದ ತುಂಡು ಕತ್ತರಿಸುವುದೇ ದಿನದ ಅತ್ಯಂತ ಬೇಸರದ ಕೆಲಸ. ಆ ಬೇಸರವನ್ನು ಕೊಳ್ಳಬಲ್ಲ ಬೆಲೆಗೆ ಕಳೆದದ್ದೇ ಈ ಯಂತ್ರದ ಜನಪ್ರಿಯತೆಗೆ ಕಾರಣ.

ಯಂತ್ರದ ರಚನೆ

ತಗಡಿನ ಕಾಲುಗಳ ಮೇಲೆ ಎರಕದ ಹಾಸು. ಹಾಸಿನ ಮೇಲೆ ಲೋಹ ಹಿಡಿಯುವ ವೈಸ್. ಒಂದು ತುದಿಯಲ್ಲಿ ಕೀಲುಗೊಂಡು ಮೇಲಕ್ಕೂ ಕೆಳಕ್ಕೂ ಆಡುವ ತಲೆಯಲ್ಲಿ ಸುಮಾರು 7 ಇಂಚು ವ್ಯಾಸದ ಎರಡು ಚಕ್ರ. ಮೋಟಾರಿನ ಮೂರು ಹೆಜ್ಜೆಯ ಪುಲ್ಲಿಯಿಂದ ವಿ-ಬೆಲ್ಟಿನ ಮೂಲಕ ಬಂದ ತಿರುಗಾಟವನ್ನು ವರ್ಮ್ ಗೇರ್ ಪೆಟ್ಟಿಗೆ ತಗ್ಗಿಸಿ ಒಂದು ಚಕ್ರಕ್ಕೆ ಕೊಡುತ್ತದೆ. ಇನ್ನೊಂದು ಚಕ್ರ ತಾನಾಗಿ ತಿರುಗುವುದು, ಪಟ್ಟಿಯ ಬಿಗಿತ ಅದರ ಕಡೆಯಿಂದ. ಬ್ಲೇಡಿನ ಅಳತೆ ಬಹುತೇಕ ಎಲ್ಲದರಲ್ಲೂ ಒಂದೇ: ಉದ್ದ 64½ ಇಂಚು ಅಥವಾ 1638 ಮಿ.ಮೀ., ಅಗಲ ಅರ್ಧ ಇಂಚು, ದಪ್ಪ ಸುಮಾರು 0.65 ಮಿ.ಮೀ. ಮೋಟಾರು ಅರ್ಧದಿಂದ ಒಂದು ಅಶ್ವಶಕ್ತಿ. 60 ಹರ್ಟ್ಸ್ ವಿದ್ಯುತ್ತಿನ ಅಮೆರಿಕದಲ್ಲಿ ಮೂರು ವೇಗ ನಿಮಿಷಕ್ಕೆ ಸುಮಾರು 24, 37, 61 ಮೀಟರ್. 50 ಹರ್ಟ್ಸ್ ಇರುವ ಬ್ರಿಟನ್, ಭಾರತಗಳಲ್ಲಿ ಅದೇ ಪುಲ್ಲಿಗಳಿಂದ ಸುಮಾರು 20, 30, 50.

ಚಕ್ರಗಳು ಓರೆಯಾಗಿ ಕೂತಿರುವುದರಿಂದ ಪಟ್ಟಿ ಅವುಗಳ ಮೇಲೆ ಓರೆಯಾಗಿಯೇ ಓಡುತ್ತದೆ. ಕೊಯ್ಯುವ ಜಾಗದಲ್ಲಿ ಮಾತ್ರ ಅದನ್ನು ತಿರುಚಿ, ಹಲ್ಲು ನೇರ ಕೆಳಮುಖವಾಗುವಂತೆ ಹಿಡಿಯಬೇಕು. ಈ ತಿರುಚುವ ಕೆಲಸ ಮಾಡುವುದು ಎರಡು ಗೈಡುಗಳು. ಒಂದೊಂದು ಗೈಡಿನಲ್ಲೂ ಪಟ್ಟಿಯ ಎರಡು ಮಗ್ಗುಲಿಗೆ ಒಂದೊಂದು ಬಾಲ್ ಬೇರಿಂಗ್, ಬೆನ್ನಿಗೆ ಇನ್ನೊಂದು. ಮಗ್ಗುಲಿನ ಎರಡರಲ್ಲಿ ಒಂದರ ಅಚ್ಚು ಬೇಕೆಂದೇ ಕೇಂದ್ರ ತಪ್ಪಿಸಿ ಮಾಡಿದ್ದು. ಸ್ಪ್ಯಾನರಿನಿಂದ ತಿರುಗಿಸಿದರೆ ಬೇರಿಂಗ್ ಪಟ್ಟಿಯತ್ತ ಸರಿಯುತ್ತದೆ ಇಲ್ಲವೇ ದೂರವಾಗುತ್ತದೆ. ಯಂತ್ರ ನೇರ ಕೊಯ್ಯುತ್ತದೋ ಸೊಟ್ಟ ಕೊಯ್ಯುತ್ತದೋ ಎಂಬುದು ಬಹುಪಾಲು ಈ ಆರು ಬೇರಿಂಗುಗಳ ಕೈಯಲ್ಲಿದೆ.

ತಲೆಯ ಸ್ವಂತ ತೂಕವೇ ಬ್ಲೇಡನ್ನು ಲೋಹದೊಳಕ್ಕೆ ಒತ್ತುತ್ತದೆ. ಪೂರ್ತಿ ತೂಕ ಬಿದ್ದರೆ ಹಲ್ಲು ಉಳಿಯುವುದಿಲ್ಲವಾದ್ದರಿಂದ ಒಂದು ಸ್ಪ್ರಿಂಗ್ ತಲೆಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ತಿರುಪು ತಿರುಗಿಸಿ ಎಳೆತ ಹೆಚ್ಚು ಕಡಿಮೆ ಮಾಡಬಹುದು. ಸ್ವಲ್ಪ ಮೇಲಿನ ಬೆಲೆಯ ಯಂತ್ರಗಳಲ್ಲಿ ಸ್ಪ್ರಿಂಗಿನ ಜೊತೆಗೆ ಎಣ್ಣೆ ತುಂಬಿದ ಹೈಡ್ರಾಲಿಕ್ ಸಿಲಿಂಡರ್ ಇರುತ್ತದೆ. ಈ ಎರಡರ ವ್ಯತ್ಯಾಸ ತಿಳಿದುಕೊಳ್ಳುವುದು ಒಳ್ಳೆಯದು. ಸ್ಪ್ರಿಂಗ್ ನಿಯಂತ್ರಿಸುವುದು ಒತ್ತಡವನ್ನು, ಸಿಲಿಂಡರ್ ನಿಯಂತ್ರಿಸುವುದು ಇಳಿಯುವ ವೇಗವನ್ನು. ತೆಳು ಗೋಡೆಯ ಪೈಪು ಕೊಯ್ಯುವವರಿಗೆ ಸಿಲಿಂಡರ್ ದೊಡ್ಡ ವರ, ಏಕೆಂದರೆ ಲೋಹ ಇದ್ದಕ್ಕಿದ್ದಂತೆ ತೆಳುವಾದಾಗಲೂ ತಲೆ ಧೊಪ್ಪನೆ ಕುಸಿಯುವುದಿಲ್ಲ. ಕೊಯ್ತ ಮುಗಿದು ತಲೆ ಕೆಳಗೆ ಬಂದಾಗ ಒಂದು ಚಾಚು ಸ್ವಿಚ್ಚನ್ನು ತಳ್ಳಿ ಮೋಟಾರು ಆರಿಸುತ್ತದೆ. ಕಣ್ಣಿಗೆ ಬೀಳದ ಸಣ್ಣ ಸಂಗತಿಯಾದರೂ ಯಂತ್ರದ ಅರ್ಧ ಬೆಲೆ ಅಲ್ಲೇ ಹುಟ್ಟುತ್ತದೆ: 50 ಮಿ.ಮೀ. ರಾಡ್ ಕತ್ತರಿಸಲು ಐದಾರು ನಿಮಿಷ ಹಿಡಿದರೂ ಆ ಹೊತ್ತು ಕೆಲಸಗಾರನದಾಗಿಯೇ ಉಳಿಯುತ್ತದೆ, ಪಕ್ಕದ ಬೆಂಚಿನಲ್ಲಿ ಅವನು ಬೇರೆ ತುಂಡಿಗೆ ಗುರುತು ಹಾಕಿಕೊಳ್ಳಬಹುದು.

ಇತರ ಸಾಧನಗಳೊಡನೆ

ನಮ್ಮ ಗ್ರಿಲ್ ಅಂಗಡಿಗಳಲ್ಲಿ ಕತ್ತರಿಸುವ ಕೆಲಸವೆಂದರೆ 14 ಇಂಚಿನ ಕಟಿಂಗ್ ಮಷಿನ್. 355 ಮಿ.ಮೀ. ವ್ಯಾಸದ ಸಾಣೆಯ ಡಿಸ್ಕು ನಿಮಿಷಕ್ಕೆ ಸುಮಾರು 3800 ಸುತ್ತು ತಿರುಗುವಾಗ ಅದರ ಅಂಚಿನ ವೇಗ ಸೆಕೆಂಡಿಗೆ 70 ಮೀಟರ್. ಆಂಗಲ್, ಸ್ಕ್ವೇರ್ ಪೈಪುಗಳಿಗೆ ಅದರಷ್ಟು ಚುರುಕಿನದು ಬೇರೊಂದಿಲ್ಲ. ಆದರೆ ಕಿಡಿ, ಕಿವಿಗಡಚಿಕ್ಕುವ ಸದ್ದು, ಸುಟ್ಟ ರಾಳದ ವಾಸನೆ, ಸಾಣೆಯ ಧೂಳು, ಇವನ್ನು ಬೀದಿಬದಿಯ ಅಂಗಡಿ ತಾಳಿಕೊಂಡಂತೆ ವಾಸದ ಮನೆ ತಾಳಿಕೊಳ್ಳದು. ಲೇತ್ ಇರುವ ಮನೆಯಲ್ಲಂತೂ ಆ ಧೂಳು ಜಾರುಹಾಸುಗಳಿಗೆ ಶತ್ರು. ಜೊತೆಗೆ ದಪ್ಪ ರಾಡಿನ ಕತ್ತರಿಸಿದ ಮೈ ಸುಟ್ಟು ಗಟ್ಟಿಯಾಗಿ, ಆಮೇಲೆ ಲೇತಿನಲ್ಲಿ ಮೊದಲ ಪದರ ತೆಗೆಯುವಾಗ ಟೂಲ್ ಸವೆಸುವುದುಂಟು. ಲೋಹವೂ ಹೆಚ್ಚು ಪೋಲು: 50 ಮಿ.ಮೀ. ಉಕ್ಕಿನ ರಾಡಿನಲ್ಲಿ ಡಿಸ್ಕಿನ 3 ಮಿ.ಮೀ. ಸೀಳು ಒಂದು ಸಲಕ್ಕೆ 46 ಗ್ರಾಂ ತಿಂದರೆ ಬ್ಯಾಂಡ್‌ಸಾದ ಸುಮಾರು 1 ಮಿ.ಮೀ. ಸೀಳು 15 ಗ್ರಾಂ ತಿನ್ನುತ್ತದೆ.

ಹಳೆಯ ಲೇತ್ ಅಂಗಡಿಗಳ ಪವರ್ ಹ್ಯಾಕ್ಸಾ ಗಟ್ಟಿಮುಟ್ಟು, ಬ್ಲೇಡೂ ಅಗ್ಗ. ಆದರೆ ಅದು ಕೊಯ್ಯುವುದು ಒಂದು ಎಳೆತಕ್ಕೆ ಮಾತ್ರ, ಮರಳುವ ಎಳೆತ ದಂಡ. ಅದರ ತೂಕ ಮತ್ತು ಜಾಗದ ಹಸಿವು ಮನೆಗೆ ಭಾರ. ಕೈಯಲ್ಲಿ ಹಿಡಿಯುವ ಪೋರ್ಟಬಲ್ ಬ್ಯಾಂಡ್‌ಸಾ ಮತ್ತೊಂದು ದಾರಿ. ಸುಮಾರು 1140 ಮಿ.ಮೀ. ಬ್ಲೇಡಿನ ಆ ಉಪಕರಣವನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಸಣ್ಣ ನಿಲುವು ಯಂತ್ರವಾಗಿ ಬಳಸುವವರೂ ಇದ್ದಾರೆ, ಜಾಗವೇ ಇಲ್ಲದವರಿಗೆ ಅದು ಸರಿಯಾದ ಆಯ್ಕೆ. ಇನ್ನು ಕೈಗರಗಸ. ಕನ್ನಡ ಪತ್ರಿಕೆಗಳ ಅಪರಾಧ ಸುದ್ದಿಯಲ್ಲಿ ‘ಆಕ್ಸಲ್ ಬ್ಲೇಡ್’ ಎಂದು ಖ್ಯಾತವಾದ ಇದು 12 ಮಿ.ಮೀ. ಸರಳಿಗೆ ಸಾಕು. 50 ಮಿ.ಮೀ. ರಾಡಿಗೆ ಕೂತರೆ ಅರ್ಧ ಗಂಟೆಯೂ ಹೋಯಿತು, ರಟ್ಟೆಯೂ ಹೋಯಿತು.

ಹದಕ್ಕೆ ತರುವುದು

ಅಗ್ಗದ ಬ್ಯಾಂಡ್‌ಸಾ ಪೆಟ್ಟಿಗೆಯಿಂದ ಹೊರಬಂದಾಗ ಅರ್ಧ ಮುಗಿದ ಯಂತ್ರ. ಇದನ್ನು ದೂರು ಎಂದು ತಿಳಿಯಬೇಕಿಲ್ಲ, ಅದು ಅಗ್ಗವಾಗಿರುವುದೇ ಹಾಗೆ. ಕಾರ್ಖಾನೆ ಬಿಟ್ಟ ಹೊಂದಾಣಿಕೆಯ ಕೂಲಿಯನ್ನು ಕೊಂಡವನು ತುಂಬುತ್ತಾನೆ. ಒಂದು ದಿನ ಇದಕ್ಕೆಂದೇ ಮೀಸಲಿಡದೆ ನೇರವಾಗಿ ಕೊಯ್ಯಲು ಹೊರಟವರು ಸಾಮಾನ್ಯವಾಗಿ ಬ್ಲೇಡ್ ಜಾರಿತು, ಸೊಟ್ಟ ಹೋಯಿತು ಎಂದು ಬೈದು ಯಂತ್ರ ಮಾರಿಬಿಡುತ್ತಾರೆ. ಅದನ್ನು ಕಡಿಮೆ ಬೆಲೆಗೆ ಕೊಂಡ ಎರಡನೆಯವನೇ ಹೆಚ್ಚು ಸುಖಿ.

ಮೊದಲು ಗೇರ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನೋಡಬೇಕು. ಒಳಗೆ ಎರಕದ ಮರಳು, ಲೋಹದ ಪುಡಿ, ಕಡಿಮೆ ಎಣ್ಣೆ ಇವುಗಳಲ್ಲಿ ಏನಾದರೂ ಇರಬಹುದು. ಸೀಮೆಎಣ್ಣೆಯಲ್ಲಿ ತೊಳೆದು 90 ನಂಬರಿನ ಗೇರ್ ಆಯಿಲ್ ತುಂಬಿದರೆ ವರ್ಮ್ ಚಕ್ರ ವರ್ಷಗಟ್ಟಲೆ ಬಾಳುತ್ತದೆ. ಓಡಿಸುವ ಚಕ್ರದ ಕೀ ಮತ್ತು ಸ್ಕ್ರೂ ಬಿಗಿ ಇದೆಯೇ, ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ಎಂದೂ ನೋಡಿಕೊಳ್ಳಬೇಕು.

ಮುಂದಿನದು ಪಟ್ಟಿಯ ದಾರಿ. ಚಕ್ರಗಳು ಬರಿಯ ಎರಕದವು, ರಬ್ಬರ್ ಪಟ್ಟಿ ಇರುವುದಿಲ್ಲ. ಹಿಂದಿನ ಅಂಚಿನಲ್ಲಿ ಒಂದು ಸಣ್ಣ ದಡವಿದೆ. ಬ್ಲೇಡಿನ ಬೆನ್ನು ಆ ದಡದ ಹತ್ತಿರ ಓಡಬೇಕು, ಅದಕ್ಕೆ ಉಜ್ಜಬಾರದು. ಉಜ್ಜಿದರೆ ಬೆನ್ನು ಜಜ್ಜಿ, ಅಲ್ಲಿಂದ ಬಿರುಕು ಹುಟ್ಟಿ, ಬ್ಲೇಡ್ ತುಂಡಾಗುತ್ತದೆ. ತಾನಾಗಿ ತಿರುಗುವ ಚಕ್ರವನ್ನು ಓರೆ ಮಾಡುವ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸುತ್ತ, ಪ್ರತಿ ಸಲವೂ ಪಟ್ಟಿ ಹಲವು ಸುತ್ತು ಓಡುವವರೆಗೆ ಕಾಯಬೇಕು. ಅವಸರ ಇಲ್ಲಿ ಕೆಲಸಕ್ಕೆ ಬಾರದು. ಒಂದು ಉದ್ದನೆಯ ಕಾಗದದ ಪಟ್ಟಿಯನ್ನು ಬ್ಲೇಡ್ ಮತ್ತು ಚಕ್ರದ ನಡುವೆ ಹಾಯಿಸಿ ನೋಡುವ ಪರೀಕ್ಷೆಯೊಂದಿದೆ: ಕಾಗದ ದಡದ ಕಡೆ ಕತ್ತರಿಸಿ ಬಂದರೆ ಬೆನ್ನು ಒತ್ತುತ್ತಿದೆ ಎಂದರ್ಥ, ಬರಿಯ ಮಡಿಕೆ ಬಿದ್ದು ಬಂದರೆ ಸರಿ. ಕಾಗದ ಉದ್ದವಿರಲಿ ಎನ್ನುವುದು ಬೆರಳಿನ ಹಿತಕ್ಕೆ.

ಆಮೇಲೆ ಗೈಡು. ಮಗ್ಗುಲಿನ ಬೇರಿಂಗುಗಳು ಪಟ್ಟಿಯನ್ನು ಮುಟ್ಟಿರಬೇಕು, ಹಿಂಡಬಾರದು. ಯಂತ್ರ ನಿಂತಾಗ ಬೇರಿಂಗನ್ನು ಬೆರಳಿನಿಂದ ತಿರುಗಿಸಿದರೆ ಅಳುಕುತ್ತ ತಿರುಗಬೇಕು. ಬಳಿಕ ಟ್ರೈ ಸ್ಕ್ವೇರನ್ನು ಹಾಸಿನ ಮೇಲಿಟ್ಟು ಪಟ್ಟಿಯ ಮಗ್ಗುಲಿಗೆ ತಾಗಿಸಿ ನೋಡಬೇಕು. ಹಲ್ಲುಗಳು ಎಡಬಲಕ್ಕೆ ಬಾಗಿರುವುದರಿಂದ ಸ್ಕ್ವೇರ್ ಹಲ್ಲಿಗೆ ತಾಗದೆ ಪಟ್ಟಿಯ ಮೈಗೇ ತಾಗುವಂತೆ ಎಚ್ಚರ ವಹಿಸಬೇಕು. ವೈಸಿನ ಸ್ಥಿರ ದವಡೆಯನ್ನೂ ಪಟ್ಟಿಗೆ 90 ಡಿಗ್ರಿಗೆ ತಂದು ಎರಡು ಬೋಲ್ಟು ಬಿಗಿಯಬೇಕು. ಕಾರ್ಖಾನೆ ಕೊಟ್ಟಿರುವ ಡಿಗ್ರಿಯ ಗೀಟುಗಳನ್ನು ಅಲಂಕಾರವೆಂದು ಭಾವಿಸುವುದು ಕ್ಷೇಮ.

ಸ್ಕ್ವೇರ್ ಹೇಳಿದ್ದನ್ನು ಪೂರ್ತಿ ನಂಬಬೇಕಿಲ್ಲ, ಕೊಯ್ತವೇ ಸಾಕ್ಷಿ ಹೇಳಬಲ್ಲದು. ಒಂದು ಚೌಕ ರಾಡಿನ ತುದಿ ಕತ್ತರಿಸಿ, ರಾಡನ್ನು ತನ್ನ ಉದ್ದದ ಸುತ್ತ ಅರ್ಧ ಸುತ್ತು ಹೊರಳಿಸಿ, ಮೇಲಿದ್ದ ಮೈ ಕೆಳಗೆ ಬಂದಾಗ ಮತ್ತೆ ವೈಸಿನಲ್ಲಿ ಬಿಗಿದು, ನಾಲ್ಕೈದು ಮಿ.ಮೀ. ದಪ್ಪದ ಒಂದು ಬಿಲ್ಲೆ ಕತ್ತರಿಸಬೇಕು. ವರ್ನಿಯರಿನಲ್ಲಿ ಬಿಲ್ಲೆಯ ಮೇಲಂಚು, ಕೆಳಂಚಿನ ದಪ್ಪ ಅಳೆದರೆ ಸಿಗುವ ವ್ಯತ್ಯಾಸ ನಿಜವಾದ ಓರೆಯ ಎರಡರಷ್ಟು, ಏಕೆಂದರೆ ತಪ್ಪು ಒಂದು ಮೈಯಲ್ಲಿ ಒಂದು ಕಡೆಗೂ ಇನ್ನೊಂದರಲ್ಲಿ ಎದುರು ಕಡೆಗೂ ವಾಲಿರುತ್ತದೆ. 40 ಮಿ.ಮೀ. ಚೌಕದಲ್ಲಿ ಬಿಲ್ಲೆಯ ವ್ಯತ್ಯಾಸ 0.4 ಮಿ.ಮೀ. ಬಂತೆಂದರೆ ಯಂತ್ರದ ಓರೆ 0.2 ಮಿ.ಮೀ. ಅಷ್ಟಾದರೆ ಲೇತ್ ಕೆಲಸಕ್ಕೆ ಧಾರಾಳ ಸಾಕು. ವೆಲ್ಡಿಂಗಿಗಂತೂ ಅದರ ದುಪ್ಪಟ್ಟೂ ನಡೆಯುತ್ತದೆ.

ತಗಡಿನ ಕಾಲುಗಳ ಬಗ್ಗೆ ಒಳ್ಳೆಯ ಮಾತು ಹೇಳುವವರು ಸಿಕ್ಕುವುದು ಕಷ್ಟ. ಸುಮಾರು 60 ಕಿಲೋ ತೂಗುವ ಯಂತ್ರ ಅವುಗಳ ಮೇಲೆ ತೂಗಾಡುತ್ತದೆ, ತಲೆ ಎತ್ತಿದಾಗ ಭಾರ ಹಿಂದಕ್ಕೆ ಹೋಗಿ ಮಗುಚುವ ಅಪಾಯವೂ ಇದೆ. ಯಂತ್ರ ಕೊಂಡ ಹವ್ಯಾಸಿ ಅದರಿಂದಲೇ ಆಂಗಲ್ ಕತ್ತರಿಸಿ ಅದಕ್ಕೇ ಹೊಸ ಸ್ಟ್ಯಾಂಡ್ ವೆಲ್ಡ್ ಮಾಡುವುದು ಹೆಚ್ಚುಕಡಿಮೆ ಒಂದು ಸಂಪ್ರದಾಯ.

ಬ್ಲೇಡು

ಯಂತ್ರಕ್ಕೆ ಸುರಿಯುವ ಹಣಕ್ಕಿಂತ ಬ್ಲೇಡಿಗೆ ಹಾಕುವ ಹಣ ಹೆಚ್ಚು ಫಲ ಕೊಡುತ್ತದೆ. ಹೊಸ ಯಂತ್ರದ ಜೊತೆ ಬರುವುದು ಸಾಮಾನ್ಯವಾಗಿ ಇಂಚಿಗೆ 14 ಹಲ್ಲಿನ ಕಾರ್ಬನ್ ಉಕ್ಕಿನ ಪಟ್ಟಿ. ಹಲ್ಲಿನ ತುದಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು, ಅದರ ಹದ ಇಳಿಯತೊಡಗುತ್ತದೆ. ಅದನ್ನು ಹೊಂದಾಣಿಕೆ ಕಲಿಯಲು ಬಳಸಿ, ಹದವಾದ ಮೇಲೆ ಬೈಮೆಟಲ್ ಬ್ಲೇಡ್ ಹಾಕುವುದು ಜಾಣತನ. ಬೈಮೆಟಲ್‌ನಲ್ಲಿ ಬೆನ್ನು ಬಳುಕುವ ಸ್ಪ್ರಿಂಗ್ ಉಕ್ಕು. ಅದರ ಅಂಚಿಗೆ ಹೈಸ್ಪೀಡ್ ಉಕ್ಕಿನ ತಂತಿಯನ್ನು ಎಲೆಕ್ಟ್ರಾನ್ ಕಿರಣದಿಂದಲೋ ಲೇಸರಿನಿಂದಲೋ ಬೆಸೆದು ಆಮೇಲೆ ಹಲ್ಲು ಕತ್ತರಿಸಿರುತ್ತಾರೆ. ಎಂ42 ಎಂಬ ದರ್ಜೆಯಲ್ಲಿ ಸುಮಾರು ಶೇಕಡಾ 8ರಷ್ಟು ಕೋಬಾಲ್ಟ್ ಇದ್ದು, ಹಲ್ಲು ಕೆಂಪು ಕಾವಿನ ಹತ್ತಿರ ಹೋದರೂ ಗಡಸು ಬಿಟ್ಟುಕೊಡುವುದಿಲ್ಲ.

ಹಲ್ಲಿನ ಆಯ್ಕೆಗೆ ಹಳೆಯ ಫಿಟ್ಟರುಗಳ ಲೆಕ್ಕ ಸರಳ: ಯಾವ ಹೊತ್ತಿನಲ್ಲೂ ಕನಿಷ್ಠ ಮೂರು ಹಲ್ಲು ಲೋಹದೊಳಗಿರಬೇಕು. ಇಂಚಿಗೆ 14 ಹಲ್ಲಿದ್ದರೆ ಹಲ್ಲಿನಿಂದ ಹಲ್ಲಿಗೆ 1.8 ಮಿ.ಮೀ., ಮೂರಕ್ಕೆ ಸುಮಾರು 5.4 ಮಿ.ಮೀ.; 6 ಮಿ.ಮೀ. ಪಟ್ಟೆ ಕಷ್ಟಪಟ್ಟು ಪಾಸು. 2 ಮಿ.ಮೀ. ಗೋಡೆಯ ಪೈಪಿಗೆ 24 ಹಲ್ಲಿನ ಬ್ಲೇಡ್ ಕೂಡ ಈ ಲೆಕ್ಕಕ್ಕೆ ಹೊಂದದು, ಒತ್ತಡ ಬಹಳ ತಗ್ಗಿಸಿಯೇ ಕೊಯ್ಯಬೇಕು. ಹಲ್ಲು ಕಡಿಮೆ ಬಿದ್ದಾಗ ಆಗುವುದಿಷ್ಟು: ತೆಳು ಗೋಡೆ ಎರಡು ಹಲ್ಲುಗಳ ನಡುವಿನ ಕುಳಿಗೆ ಇಳಿಯುತ್ತದೆ, ಹಿಂದಿನ ಹಲ್ಲು ಬಂದು ಗೋಡೆಗೆ ಬಡಿದು ಮುರಿಯುತ್ತದೆ, ಅದರ ಹೊರೆ ಮುಂದಿನದರ ಮೇಲೆ ಬಿದ್ದು ಅದೂ ಮುರಿಯುತ್ತದೆ. ಒಂದೆರಡು ಮುರಿದಾಗಲೇ ನಿಲ್ಲಿಸಿ, ಸೀಳಿನಲ್ಲಿ ಸಿಕ್ಕ ಚೂರು ತೆಗೆದು, ಪಕ್ಕದ ಎರಡು ಮೂರು ಹಲ್ಲುಗಳನ್ನು ಸಾಣೆಯಲ್ಲಿ ಇಳಿಜಾರಾಗಿ ತಗ್ಗಿಸಿದರೆ ಬ್ಲೇಡ್ ಇನ್ನೂ ಬಹುಕಾಲ ದುಡಿಯುತ್ತದೆ.

ಇದರ ಎದುರು ತಪ್ಪು ಹೆಚ್ಚು ಹಲ್ಲು. 50 ಮಿ.ಮೀ. ರಾಡಿನ ನಡುಮಧ್ಯದಲ್ಲಿ 14 ಹಲ್ಲಿನ ಬ್ಲೇಡಿನ 27 ಹಲ್ಲು ಒಟ್ಟಿಗೆ ಒಳಗಿರುತ್ತವೆ. ಪ್ರತಿ ಹಲ್ಲಿನ ಪಾಲಿಗೆ ಬರುವ ಒತ್ತಡ ಅಲ್ಪ, ಹಲ್ಲು ಕೊಯ್ಯುವ ಬದಲು ಉಜ್ಜುತ್ತದೆ, ಕುಳಿಗಳು ಚೂರಿನಿಂದ ತುಂಬುತ್ತವೆ, ದಾರಿ ಕಾಣದ ಪಟ್ಟಿ ಪಕ್ಕಕ್ಕೆ ಸರಿದು ಸೊಟ್ಟ ಹೋಗುತ್ತದೆ. ಯಂತ್ರ ಸೊಟ್ಟ ಕೊಯ್ಯುತ್ತದೆ ಎಂಬ ದೂರಿನ ಮೂಲ ಅನೇಕ ಸಲ ಗೈಡಿನಲ್ಲಿಲ್ಲ, ಇಲ್ಲಿದೆ. ದಪ್ಪ ರಾಡಿಗೆ 6ರಿಂದ 10 ಹಲ್ಲಿನ, ಅಂತರ ಏರಿಳಿಯುವ ಬ್ಲೇಡ್ ಒಳ್ಳೆಯದು. ಅಂತರದ ಆ ಏರಿಳಿತ ಒಂದೇ ತಾಳದ ಕಂಪನವನ್ನೂ ಕಿರುಚಾಟವನ್ನೂ ತಗ್ಗಿಸುತ್ತದೆ. ಮನೆಯಲ್ಲಿ ಎರಡು ಬ್ಲೇಡ್ ಇಟ್ಟುಕೊಂಡರೆ, ಪೈಪು ಆಂಗಲ್‌ಗಳಿಗೆ ನುಣ್ಣನೆಯದು, ಘನ ರಾಡಿಗೆ ಒರಟಿನದು, ನೂರಕ್ಕೆ ತೊಂಬತ್ತು ಪಾಲು ಕೆಲಸ ನಡೆಯುತ್ತದೆ.

ಬ್ಲೇಡಿಗೆ ಸಾವು ಬರುವುದು ಹಲ್ಲು ಸವೆದೇ ಎಂದೇನಿಲ್ಲ. ನಿಮಿಷಕ್ಕೆ 30 ಮೀಟರ್ ಓಡುವ 1638 ಮಿ.ಮೀ. ಪಟ್ಟಿ ನಿಮಿಷಕ್ಕೆ 18 ಸುತ್ತು ಬರುತ್ತದೆ; ಪ್ರತಿ ಸುತ್ತಿನಲ್ಲಿ ಎರಡು ಚಕ್ರದ ಮೇಲೆ ಬಾಗಿ ನೆಟ್ಟಗಾಗುವುದರಿಂದ ಗಂಟೆಗೆ ಎರಡು ಸಾವಿರಕ್ಕೂ ಹೆಚ್ಚು ಬಾಗಾಟ, ಮೇಲೆ ಗೈಡುಗಳ ತಿರುಚಾಟ. ಚಕ್ರ ಚಿಕ್ಕದಾದಷ್ಟೂ ಬಾಗು ಕಡಿದು. ಲೋಹಕ್ಕೆ ದಣಿವಾಗಿ ಬೆಸುಗೆಯ ಬಳಿಯೋ ಹಲ್ಲಿನ ಬುಡದಲ್ಲೋ ಬಿರುಕು ಕಾಣಿಸಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೆ ಬಿಗಿತ ಸಡಿಲಿಸಿಡುವ ರೂಢಿ ಬ್ಲೇಡಿಗೂ ತಲೆಯ ಎರಕಕ್ಕೂ ಹಿತ.

ತುಂಡಾದ ಬ್ಲೇಡನ್ನು ಮನೆಯಲ್ಲೇ ಬೆಳ್ಳಿ ಬೆಸುಗೆಯಿಂದ ಕೂಡಿಸಬಹುದು. ಎರಡು ತುದಿಗಳನ್ನೂ, ಒಂದನ್ನು ಮಗುಚಿ ಇನ್ನೊಂದರ ಮೇಲಿಟ್ಟು, ಸಾಣೆಯಲ್ಲಿ ಒಟ್ಟಿಗೇ ಉದ್ದ ಇಳಿಜಾರಾಗಿ ಉಜ್ಜುತ್ತಾರೆ. ಹೀಗೆ ಮಾಡಿದರೆ ಇಳಿಜಾರಿನ ಕೋನ ಎಷ್ಟೇ ಆದರೂ ಮಗುಚಿದ್ದನ್ನು ಸರಿಮಾಡಿ ಕೂಡಿಸಿದಾಗ ಎರಡೂ ಒಂದಕ್ಕೊಂದು ಕೂರುತ್ತವೆ. ಬೆನ್ನು ನೇರ ಗೆರೆಯಲ್ಲಿ ಬರುವಂತೆ ಆಂಗಲ್ ತುಂಡಿಗೆ ಒರಗಿಸಿ ಬಿಗಿದು, ಫ್ಲಕ್ಸ್ ಸವರಿ, ನಡುವೆ ಬೆಳ್ಳಿ ಬೆರೆತ ಬೆಸುಗೆಯ ತೆಳು ಚೂರು ಇಟ್ಟು, ಸಣ್ಣ ಟಾರ್ಚಿನಿಂದ ಮಂದ ಕೆಂಪು ಬರುವವರೆಗೆ ಕಾಸಿ, ನಿಧಾನ ಆರಲು ಬಿಡಬೇಕು. ನೀರಿಗೆ ಅದ್ದಿದರೆ ಉಕ್ಕು ಗಾಜಿನಷ್ಟು ಪೆಡಸಾಗಿ ಮೊದಲ ಬಾಗಿಗೇ ಮುರಿಯುತ್ತದೆ. ಉಬ್ಬಿದ ಬೆಸುಗೆಯನ್ನು ಅರದಿಂದ ಪಟ್ಟಿಯ ದಪ್ಪಕ್ಕೇ ಸಮ ಮಾಡದಿದ್ದರೆ ಅದು ಗೈಡಿನ ಬೇರಿಂಗ್ ದಾಟುವಾಗಲೆಲ್ಲ ಟಕ್ ಎಂದು ಬಡಿಯುತ್ತಿರುತ್ತದೆ.

ಕೊಯ್ಯುವ ಕ್ರಮ

ಹೊಸ ಬ್ಲೇಡಿನ ಹಲ್ಲಿನ ತುದಿ ಅತಿ ಚೂಪು, ಹಾಗಾಗಿಯೇ ಅತಿ ದುರ್ಬಲ. ಮೊದಲ ಕೆಲವು ಕೊಯ್ತಗಳನ್ನು ಅರ್ಧ ಒತ್ತಡದಲ್ಲಿ ಮಾಡಿದರೆ ತುದಿ ಹದವಾಗಿ ಸವೆದು ಆಮೇಲೆ ಬಹುಕಾಲ ಬಾಳುತ್ತದೆ. ಹಳೆಯ ಬ್ಲೇಡ್ ಅರ್ಧಕ್ಕೆ ಬಿಟ್ಟ ಸೀಳಿನೊಳಗೆ ಹೊಸದನ್ನು ಇಳಿಸಬಾರದು. ಸವೆದ ಬ್ಲೇಡಿನ ಸೀಳು ಕಿರಿದಾಗಿದ್ದು ಹೊಸ ಹಲ್ಲಿನ ಮಗ್ಗುಲನ್ನು ಒಂದೇ ಸಲಕ್ಕೆ ತಿಂದುಹಾಕುತ್ತದೆ. ರಾಡನ್ನು ಹೊರಳಿಸಿ ಎದುರು ಕಡೆಯಿಂದ ಶುರುಮಾಡುವುದೇ ದಾರಿ.

ಆಂಗಲನ್ನು ವೈಸಿನಲ್ಲಿ ಮೂಲೆ ಮೇಲಾಗಿ, ಎರಡು ಕಾಲೂ ಕೆಳಗಾಗಿ ಕೂರಿಸಬೇಕು. ಆಗ ಬ್ಲೇಡ್ ಎರಡು ಕಾಲನ್ನೂ ಓರೆಯಾಗಿ ಹಾಯುವುದರಿಂದ ಮೊದಲಿಂದ ಕೊನೆವರೆಗೆ ಹಲ್ಲಿನ ಹೊರೆ ಹೆಚ್ಚುಕಡಿಮೆ ಸಮ. ಗೈಡುಗಳನ್ನು ಕೆಲಸಕ್ಕೆ ಸಾಧ್ಯವಾದಷ್ಟು ಹತ್ತಿರ ಸರಿಸಬೇಕು. ನಡುವೆ ಆಧಾರವಿಲ್ಲದ ಪಟ್ಟಿ ಎಷ್ಟು ಉದ್ದವೋ ಅಷ್ಟು ಅಲೆದಾಟ. ಗಿಡ್ಡ ತುಂಡು ಹಿಡಿಯುವುದು ಈ ವೈಸಿನ ದೊಡ್ಡ ದೌರ್ಬಲ್ಯ, ಏಕೆಂದರೆ ಚಲಿಸುವ ದವಡೆ ಒಂದು ಪಕ್ಕಕ್ಕೆ ವಾಲಿಬಿಡುತ್ತದೆ. ದವಡೆಯ ಇನ್ನೊಂದು ತುದಿಯಲ್ಲಿ ಅಷ್ಟೇ ದಪ್ಪದ ಬೇರೊಂದು ತುಂಡು ಕೊಟ್ಟರೆ, ಇಲ್ಲವೇ ದವಡೆಗೇ ತೂತು ಕೊರೆದು ಒಂದು ಬೋಲ್ಟನ್ನು ಊರುಗೋಲಾಗಿ ಸಿಕ್ಕಿಸಿದರೆ ತೊಂದರೆ ನೀಗುತ್ತದೆ.

ಒತ್ತಡ ಸರಿಯೇ ಎಂದು ಕೇಳಬೇಕಾದದ್ದು ಚೂರನ್ನು. ಸಡಿಲವಾಗಿ ಸುರುಳಿಗೊಂಡ, ಬಣ್ಣ ಕೆಡದ ಚೂರು ಬಂದರೆ ಎಲ್ಲವೂ ಸರಿ. ಹಿಟ್ಟಿನಂಥ ಪುಡಿ ಬಂದರೆ ಒತ್ತಡ ಸಾಲದು ಅಥವಾ ಬ್ಲೇಡ್ ಮೊಂಡು. ದಪ್ಪಗೆ ನೀಲಿಗಟ್ಟಿ ಬಂದರೆ ವೇಗವೋ ಒತ್ತಡವೋ ಹೆಚ್ಚಾಯಿತು. ಸಾದಾ ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡಿಗೆ ನಡುವಿನ ವೇಗ, ಅಲ್ಯೂಮಿನಿಯಂ ಹಿತ್ತಾಳೆಗಳಿಗೆ ಮೇಲಿನದು, ಇಎನ್24 ಮಿಶ್ರ ಉಕ್ಕು, ಸ್ಟೇನ್‌ಲೆಸ್‌ಗಳಿಗೆ ಕೆಳಗಿನದು. ಸ್ಟೇನ್‌ಲೆಸ್‌ನ 304 ದರ್ಜೆ ಬಹಳ ಮೊಂಡು ಸ್ವಭಾವದ್ದು: ಹಲ್ಲು ಕಚ್ಚದೆ ಬರಿದೆ ಉಜ್ಜಿದರೆ ಉಜ್ಜಿದ ಪದರ ಅಲ್ಲೇ ಗಡುಸಾಗಿ ಮುಂದಿನ ಹಲ್ಲಿಗೆ ಗೋಡೆಯಾಗುತ್ತದೆ. ಆದ್ದರಿಂದ ಅಲ್ಲಿ ನಿಧಾನ ವೇಗದ ಜೊತೆಗೆ ದೃಢ ಒತ್ತಡ ಬೇಕು, ದಯೆ ತೋರಿಸಿದಷ್ಟೂ ಬ್ಲೇಡಿಗೆ ಹಾನಿ. ಎರಕದ ಕಬ್ಬಿಣವನ್ನು ಎಣ್ಣೆ ಸವರದೆಯೇ ಕೊಯ್ಯುತ್ತಾರೆ, ಕಪ್ಪು ಪುಡಿ ಉದುರುತ್ತದೆ. ಅಲ್ಯೂಮಿನಿಯಂ ಹಲ್ಲಿನ ಕುಳಿಗೆ ಅಂಟಿಕೊಳ್ಳುವುದರಿಂದ ಮೇಣದ ಕಡ್ಡಿಯನ್ನೋ ಒಂದಿಷ್ಟು ಸೀಮೆಎಣ್ಣೆಯನ್ನೋ ಆಗಾಗ ಸವರಬೇಕು. ಹಳೆ ಕಾರಿನ ಪಟ್ಟಿ ಸ್ಪ್ರಿಂಗ್, ಬೇರಿಂಗಿನ ಉಂಗುರ ಮುಂತಾದ ಗುಜರಿ ಮಾಲಿನ ಮೇಲೆ ಮೊದಲು ಅರ ಎಳೆದು ನೋಡುವುದು ಕಡ್ಡಾಯ: ಅರ ಕಚ್ಚದೆ ಜಾರಿದರೆ ಬ್ಲೇಡೂ ಕಚ್ಚದು.

ತಲೆಯನ್ನು ನೆಟ್ಟಗೆ ನಿಲ್ಲಿಸಿ ಒಂದು ಸಣ್ಣ ಮೇಜು ಸಿಕ್ಕಿಸಿದರೆ ಯಂತ್ರ ನಿಲುವು ಬ್ಯಾಂಡ್‌ಸಾ ಆಗುತ್ತದೆ, ಹಲಗೆಯಲ್ಲಿ ವಕ್ರಗೆರೆ ಕೊಯ್ಯಬಹುದು. ಜೊತೆಗೆ ಕೊಡುವ ತಗಡಿನ ಮೇಜು ನೆಪಮಾತ್ರ; 6 ಅಥವಾ 8 ಮಿ.ಮೀ. ಹಲಗೆಯಿಂದ ಅಗಲವಾದದ್ದನ್ನು ಮಾಡಿಕೊಳ್ಳದೆ ಈ ಸೌಲಭ್ಯ ಉಪಯೋಗಕ್ಕೆ ಬಾರದು. ಅರ್ಧ ಇಂಚಿನ ಬ್ಲೇಡ್ ಸಣ್ಣ ತಿರುವು ತೆಗೆದುಕೊಳ್ಳುವುದೂ ಇಲ್ಲ.

ಅಪಾಯ

ನಿಧಾನ ಓಡುವ ಬ್ಲೇಡ್ ಹೆದರಿಸುವುದಿಲ್ಲ, ಅದೇ ತೊಂದರೆ. ನಿಲುವಿನಲ್ಲಿ ಕೆಲಸ ಮಾಡುವಾಗ ತುಂಡನ್ನು ಮುಂದೂಡುವುದು ಬೆರಳು. ಕೊಯ್ತದ ಕೊನೆಯಲ್ಲಿ ಲೋಹ ಇದ್ದಕ್ಕಿದ್ದಂತೆ ಬಿಟ್ಟುಕೊಟ್ಟಾಗ ಬೆರಳು ನೇರ ಹಲ್ಲಿಗೆ ಹೋಗುತ್ತದೆ. ಮರದ ತುಂಡಿನಿಂದ ದೂಡುವುದು ಕಡ್ಡಾಯ. ಕೈಗವಸು ಬ್ಲೇಡ್ ಬದಲಿಸುವಾಗ ಬೇಕು, ಯಂತ್ರ ಓಡುವಾಗ ಕೂಡದು. ಹೊಸ ಬ್ಲೇಡ್ ಮೂರು ಸುರುಳಿಯಾಗಿ ಮಡಚಿ ಬರುತ್ತದೆ, ಕಟ್ಟು ಬಿಚ್ಚಿದ ಕ್ಷಣ ಅದು ಬುಸ್ಸೆಂದು ಹರಡಿಕೊಳ್ಳುವುದರಿಂದ ಮುಖದಿಂದ ದೂರ ಹಿಡಿದು, ಕನ್ನಡಕ ಹಾಕಿಕೊಂಡೇ ಬಿಚ್ಚಬೇಕು. ಚಕ್ರದ ಮುಚ್ಚಳ ತೆಗೆದಿಟ್ಟು ಓಡಿಸುವ ಅಭ್ಯಾಸ ಅನೇಕರಲ್ಲಿದೆ. ತುಂಡಾದ ಪಟ್ಟಿ ಯಾವ ಕಡೆ ಹಾರುತ್ತದೆಂದು ಯಾರೂ ಹೇಳಲಾರರು. ಮೆಗ್ನೀಷಿಯಂ ಮಿಶ್ರಲೋಹದ ಚೂರಿಗೆ ಬೆಂಕಿ ಹತ್ತಿದರೆ ನೀರು ಹಾಕುವಂತಿಲ್ಲ; ಅಂಥ ಲೋಹ ಮನೆಯ ಯಂತ್ರದ ಹತ್ತಿರ ಬರದಿರುವುದೇ ಮೇಲು.

ಭಾರತದ ಬಳಕೆಯಲ್ಲಿ

ಎಚ್‌ಎಂಟಿ 1953ರಲ್ಲಿ ಜಾಲಹಳ್ಳಿಯಲ್ಲಿ ಆರಂಭವಾದ ಮೇಲೆ ಬೆಂಗಳೂರು ಮೆಷಿನ್ ಟೂಲ್‌ಗಳ ಊರಾಯಿತು. ಪೀಣ್ಯದ ಓಣಿಗಳಲ್ಲಿ ರಾಡನ್ನು ಬೇಕಾದ ಉದ್ದಕ್ಕೆ ಬ್ಯಾಂಡ್‌ಸಾದಲ್ಲಿ ಕತ್ತರಿಸಿ ಕೊಡುವ ಅಂಗಡಿಗಳೇ ಇರುವುದರಿಂದ, ವಾರಕ್ಕೊಂದು ತುಂಡು ಬೇಕಾದವನು ಯಂತ್ರ ಕೊಳ್ಳುವ ಅಗತ್ಯವೇ ಇಲ್ಲ. ಪದೇ ಪದೇ ಬೇಕಾದವನಿಗೆ, ಇಲ್ಲವೇ ಊರಿಂದ ದೂರ ತೋಟದ ಮನೆಯಲ್ಲಿ ರಿಪೇರಿ ತಾನೇ ಮಾಡಿಕೊಳ್ಳುವವನಿಗೆ ಲೆಕ್ಕ ಬೇರೆ.

ವಿದೇಶದಲ್ಲಿ ನೆಲೆಸಿ ಮರಳುವ ಕನ್ನಡಿಗರು ಮನೆ ಸಾಮಾನಿನ ಜೊತೆ ಇಂಥ ಯಂತ್ರವನ್ನು ತರುವುದುಂಟು. ಅಮೆರಿಕದ 110 ವೋಲ್ಟ್, 60 ಹರ್ಟ್ಸ್ ಮೋಟಾರಿಗೆ ಟ್ರಾನ್ಸ್‌ಫಾರ್ಮರ್ ಕೊಟ್ಟರೆ ವೋಲ್ಟೇಜು ಹೊಂದುತ್ತದೆ, ಹರ್ಟ್ಸ್ ಹೊಂದುವುದಿಲ್ಲ. ಮೋಟಾರು ಆರನೇ ಒಂದು ಪಾಲು ನಿಧಾನವಾಗುತ್ತದೆ, ಒಳಗಿನ ಕಬ್ಬಿಣ ಕಾಂತತೆಯಿಂದ ತುಂಬಿ ಅತಿಯಾಗಿ ಕಾಯುತ್ತದೆ. ವೋಲ್ಟೇಜನ್ನು 95ರ ಆಸುಪಾಸಿಗೆ ಇಳಿಸಿದರೆ ಕಾವು ತಗ್ಗುತ್ತದೆ, ಶಕ್ತಿಯೂ ಅದಕ್ಕೆ ತಕ್ಕಂತೆ ತಗ್ಗುತ್ತದೆ. ಅದಕ್ಕಿಂತ ಇಲ್ಲಿನ ಅರ್ಧ ಅಶ್ವಶಕ್ತಿಯ, 1440 ಸುತ್ತಿನ ಸಿಂಗಲ್ ಫೇಸ್ ಮೋಟಾರು ಕೂರಿಸುವುದು ಶಾಶ್ವತ ಪರಿಹಾರ. ಅಲ್ಲೊಂದು ಸಣ್ಣ ಕಿರಿಕಿರಿ ಕಾದಿರುತ್ತದೆ: ಹಳೆ ಪುಲ್ಲಿಯ ತೂತು ಅಮೆರಿಕದ 5/8 ಇಂಚಿನ ಅಚ್ಚಿಗೆ, ಅಂದರೆ 15.9 ಮಿ.ಮೀ.ಗೆ ಕೊರೆದದ್ದು, ಇಲ್ಲಿನ ಮೋಟಾರಿನ ಅಚ್ಚು 14 ಅಥವಾ 19 ಮಿ.ಮೀ. ಮೊದಲನೆಯದಕ್ಕೆ ಒಂದು ಬುಷ್, ಎರಡನೆಯದಕ್ಕೆ ಲೇತಿನಲ್ಲಿ ತೂತು ಅಗಲಿಸುವ ಕೆಲಸ.

1638 ಮಿ.ಮೀ. ಬ್ಲೇಡ್ ಇಲ್ಲಿ ಸಿದ್ಧ ಪೊಟ್ಟಣದಲ್ಲಿ ಸಿಗದಿದ್ದರೂ ಚಿಂತೆಯಿಲ್ಲ. ಬ್ಯಾಂಡ್‌ಸಾ ಪಟ್ಟಿ ಉದ್ದನೆಯ ಸುರುಳಿಯಾಗಿ ಬರುತ್ತದೆ. ಕೈಗಾರಿಕಾ ಪ್ರದೇಶಗಳಲ್ಲಿ ಅದನ್ನು ಕೇಳಿದ ಉದ್ದಕ್ಕೆ ಕತ್ತರಿಸಿ, ವಿದ್ಯುತ್ ಹಾಯಿಸಿ ತುದಿಗಳನ್ನು ಒತ್ತಿ ಬೆಸೆದು, ಪೆಡಸು ಹೋಗಲೆಂದು ಬೆಸುಗೆಯನ್ನು ಮತ್ತೊಮ್ಮೆ ಮಂದವಾಗಿ ಕಾಸಿ ಕೊಡುತ್ತಾರೆ. ಕೇಳುವಾಗ 13 ಮಿ.ಮೀ. ಅಗಲ, 0.65 ಮಿ.ಮೀ. ದಪ್ಪ, ಬೇಕಾದ ಹಲ್ಲಿನ ಲೆಕ್ಕ ಮೂರನ್ನೂ ಹೇಳಬೇಕು. ದೊಡ್ಡ ಯಂತ್ರಗಳಿಗೆಂದು ಇಟ್ಟಿರುವ 0.9 ಮಿ.ಮೀ. ಪಟ್ಟಿ ಹೆಚ್ಚು ಗಟ್ಟಿ ಎಂದು ಅಂಗಡಿಯವರು ಒತ್ತಾಯಿಸಿದರೂ ಒಪ್ಪಬಾರದು. 7 ಇಂಚಿನ ಚಕ್ರದ ಮೇಲೆ ಅದು ಕೆಲವೇ ದಿನಗಳಲ್ಲಿ ಬಿರಿಯುತ್ತದೆ.